ಹಳೆಯ ನಾಣ್ಯ ಹರಾಜಿನ ಕ್ಯಾಟಲಾಗುಗಳು: ಯಾವುದನ್ನು ಉಳಿಸಿಕೊಳ್ಳಬೇಕು, ಏಕೆ?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಪ್ರಾಚೀನ ಗ್ರೀಕ್ ಮತ್ತು ರೋಮನ್ ನಾಣ್ಯಗಳನ್ನು ಸಂಗ್ರಹಿಸುತ್ತಿದ್ದೇನೆ. ಇತ್ತೀಚೆಗೆ ಹಿರಿಯ ಸಂಗ್ರಾಹಕರೊಬ್ಬರು ತಮ್ಮಲ್ಲಿದ್ದ ನಾಣ್ಯ ಹರಾಜಿನ ಹಳೆಯ ಕ್ಯಾಟಲಾಗುಗಳ ಒಂದು ಪೆಟ್ಟಿಗೆಯನ್ನು ನನಗೆ ಕೊಟ್ಟರು. ಅವು ಜರ್ಮನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿವೆ. ಕೆಲವಕ್ಕೆ ಚಿತ್ರಪುಟಗಳೇ ಇಲ್ಲ. ಹಲವದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಅಂಕಿಗಳನ್ನೂ ಹೆಸರುಗಳನ್ನೂ ಬರೆದಿದ್ದಾರೆ. ಎಲ್ಲವೂ ಅಂತರಜಾಲದಲ್ಲಿ ಸಿಗುವ ಈ ಕಾಲದಲ್ಲಿ ಕಾಗದದ ಪ್ರತಿಗಳನ್ನು ಸಂಗ್ರಹಿಸುವುದರಲ್ಲಿ ಅರ್ಥವಿದೆಯೇ? ಇದ್ದರೆ ಯಾವುದನ್ನು ಆರಿಸಿಕೊಳ್ಳಬೇಕು? ಅಂಚಿನ ಬರಹವನ್ನು ಅಳಿಸಿ, ಎಲ್ಲವನ್ನೂ ಒಟ್ಟಾಗಿ ರಟ್ಟು ಕಟ್ಟಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಪೆನ್ಸಿಲಿನ ಬರಹವನ್ನು ದಯವಿಟ್ಟು ಅಳಿಸಬೇಡಿ, ರಟ್ಟು ಕಟ್ಟಿಸುವ ಅವಸರವನ್ನೂ ಮಾಡಬೇಡಿ. ನೀವು ಗೀಚು ಎಂದು ಭಾವಿಸಿರುವ ಆ ಅಂಕಿಗಳೇ ನಿಮ್ಮ ಪೆಟ್ಟಿಗೆಯಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತುವಾಗಿರುವ ಸಾಧ್ಯತೆಯಿದೆ.

ಹರಾಜಿನ ಕ್ಯಾಟಲಾಗ್ ಅಚ್ಚಾಗುವುದು ಹರಾಜಿಗೆ ಮುನ್ನ. ಆದ್ದರಿಂದ ಯಾವ ನಾಣ್ಯಕ್ಕೆ ಎಷ್ಟು ಬೆಲೆ ಬಂತು, ಅದನ್ನು ಯಾರು ಕೊಂಡರು, ಯಾವುದು ಮಾರಾಟವಾಗದೆ ಉಳಿಯಿತು, ಯಾವುದನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆದುಕೊಂಡರು ಎಂಬ ಯಾವ ಸಂಗತಿಯೂ ಅಚ್ಚಾದ ಪುಟದಲ್ಲಿ ಇರುವುದು ಸಾಧ್ಯವಿಲ್ಲ. ಹರಾಜಾದ ಬೆಲೆಗಳ ಪಟ್ಟಿಯನ್ನು ಕೆಲವು ಸಂಸ್ಥೆಗಳು ಆಮೇಲೆ ಪ್ರತ್ಯೇಕವಾಗಿ ಅಚ್ಚು ಹಾಕಿಸಿ ಕಳುಹಿಸುತ್ತಿದ್ದವು. ಒಂದೆರಡು ಹಾಳೆಗಳ ಆ ಪಟ್ಟಿ ಸುಲಭವಾಗಿ ಕಳೆದುಹೋಗುವಂಥದ್ದು, ಹಾಗಾಗಿ ಈಗ ಕ್ಯಾಟಲಾಗಿಗಿಂತ ಪಟ್ಟಿಯೇ ಅಪರೂಪವಾಗಿರುವ ಉದಾಹರಣೆಗಳು ಸಾಕಷ್ಟಿವೆ. ಇನ್ನು ಕೊಂಡವರ ಹೆಸರುಗಳನ್ನಂತೂ ಅಚ್ಚು ಹಾಕಿಸುತ್ತಿದ್ದುದು ವಿರಳ. ಸಭಾಂಗಣದಲ್ಲಿ ಕುಳಿತವರು, ಇಲ್ಲವೇ ಹರಾಜು ಸಂಸ್ಥೆಯ ಗುಮಾಸ್ತರು, ತಮ್ಮ ಪ್ರತಿಯ ಅಂಚಿನಲ್ಲಿ ಬರೆದುಕೊಂಡಿದ್ದರೆ ಮಾತ್ರ ಆ ಮಾಹಿತಿ ಉಳಿದಿರುತ್ತದೆ. ಒಂದೇ ಹರಾಜಿನ ಎರಡು ಪ್ರತಿಗಳಲ್ಲಿ ಒಂದು ಖಾಲಿಯಾಗಿದ್ದು ಇನ್ನೊಂದರಲ್ಲಿ ಬೆಲೆ ಮತ್ತು ಹೆಸರು ಎರಡೂ ಇದ್ದರೆ, ಎರಡನೆಯದನ್ನು ನಾನು ಬೇರೆಯೇ ಒಂದು ದಾಖಲೆಯೆಂದು ಪರಿಗಣಿಸುತ್ತೇನೆ. ಶೀರ್ಷಿಕೆಯನ್ನು ನೋಡಿ ಕೊಳ್ಳಬೇಡಿ, ಪ್ರತಿಯನ್ನು ನೋಡಿ ಕೊಳ್ಳಿ ಎಂಬುದು ಈ ಹವ್ಯಾಸದಲ್ಲಿ ನಾನು ಕೊಡಬಹುದಾದ ಮುಖ್ಯ ಸಲಹೆ. ಮುಂದೆ ಹೇಳುವ ಹೆಚ್ಚಿನ ವಿಷಯಗಳೆಲ್ಲ ಅದರ ವಿವರಣೆಯೇ.

ಆದರೆ ಅಂಚಿನ ಬರಹವನ್ನು ಕಣ್ಣು ಮುಚ್ಚಿಕೊಂಡು ನಂಬಲೂಬಾರದು. ಲಾಟ್, ಅಂದರೆ ಒಂದು ಸಂಖ್ಯೆಯಡಿ ಒಟ್ಟಾಗಿ ಕೂಗಿಗೆ ಬರುವ ನಾಣ್ಯ ಅಥವಾ ನಾಣ್ಯಗಳ ಗುಂಪು; ಆ ಸಂಖ್ಯೆಯ ಪಕ್ಕದಲ್ಲಿರುವ ಅಂಕಿ ಹರಾಜಾದ ಬೆಲೆಯೇ ಆಗಿರಬೇಕೆಂದಿಲ್ಲ. ಆ ಪ್ರತಿಯ ಒಡೆಯ ತಾನು ಕೂಗಬೇಕೆಂದುಕೊಂಡಿದ್ದ ಮಿತಿಯೂ ಅದಾಗಿರಬಹುದು. ಕೆಲವೇ ಕೆಲವು ಲಾಟುಗಳ ಪಕ್ಕದಲ್ಲಿ ಮಾತ್ರ ಅಂಕಿಗಳಿದ್ದು, ಅವೆಲ್ಲವೂ ದುಂಡು ಸಂಖ್ಯೆಗಳಾಗಿದ್ದರೆ ಅದು ಮಿತಿಯೆಂದು ಊಹಿಸುವುದು ಕ್ಷೇಮ. ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಲಾಟಿಗೂ ಅಂಕಿಯಿದ್ದರೆ ಅದು ಹರಾಜಿನ ಫಲಿತಾಂಶವಾಗಿರುವ ಸಂಭವ ಹೆಚ್ಚು. ವ್ಯಾಪಾರಿಗಳು ಅಂಕಿಗಳ ಬದಲಿಗೆ ಅಕ್ಷರಗಳ ಗುಪ್ತ ಸಂಕೇತದಲ್ಲಿ ಬೆಲೆ ಬರೆದುಕೊಳ್ಳುವ ರೂಢಿಯೂ ಇತ್ತು. ಹೆಸರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ಸಂಗ್ರಾಹಕರು ತಾವೇ ಕೂಗದೆ ವ್ಯಾಪಾರಿಗಳ ಮೂಲಕ ಕೊಳ್ಳುತ್ತಿದ್ದುದರಿಂದ ಅಂಚಿನಲ್ಲಿ ಕಾಣುವುದು ಬಹಳ ಸಲ ದಲ್ಲಾಳಿಯ ಹೆಸರೇ ಹೊರತು ನಾಣ್ಯ ನಿಜವಾಗಿ ಸೇರಿದ ಮನೆಯ ಹೆಸರಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಅಂತರಜಾಲದಲ್ಲಿ ಇಂದು ಸಿಗುವ ಸಾಮಗ್ರಿ ನಿಜಕ್ಕೂ ಅಪಾರ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯವು 20ನೆಯ ಶತಮಾನದ ಮೊದಲರ್ಧದ ಜರ್ಮನ್ ಹರಾಜು ಕ್ಯಾಟಲಾಗುಗಳನ್ನು ದೊಡ್ಡ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ನ್ಯೂಮನ್ ನಾಣ್ಯಶಾಸ್ತ್ರ ಪೋರ್ಟಲ್ ಕೂಡ ಇದೇ ಬಗೆಯ ಕೆಲಸ ಮಾಡುತ್ತಿದೆ. ಯಾವ ಹರಾಜಿನಲ್ಲಿ ಏನಿತ್ತು ಎಂದು ತಿಳಿಯಲು, ವಿವರಣೆಯನ್ನು ಓದಲು, ಒಂದು ಸಂಗ್ರಹದ ವ್ಯಾಪ್ತಿಯನ್ನು ಅಂದಾಜು ಮಾಡಲು ಇವು ಧಾರಾಳವಾಗಿ ಸಾಕು. ಓದುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಒಂದು ಪ್ರತಿಯನ್ನೂ ಕೊಳ್ಳದೆ ನೀವು ಒಳ್ಳೆಯ ಅಧ್ಯಯನ ನಡೆಸಬಹುದು.

ಸ್ಕ್ಯಾನ್ ಕೈಕೊಡುವುದು ಚಿತ್ರಪುಟಗಳ ವಿಷಯದಲ್ಲಿ. ಇದನ್ನು ಅರಿಯಲು ಆ ಪುಟಗಳು ಹೇಗೆ ತಯಾರಾಗುತ್ತಿದ್ದವು ಎಂದು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಲೋಹದ ನಾಣ್ಯ ಬೆಳಕನ್ನು ಪ್ರತಿಫಲಿಸುತ್ತದೆ; ಅದರ ಮೇಲಿನ ಕಪ್ಪು, ಹಸಿರು ಛಾಯೆಗಳು ಛಾಯಾಚಿತ್ರದಲ್ಲಿ ಉಬ್ಬುತಗ್ಗುಗಳನ್ನು ಮರೆಮಾಡುತ್ತವೆ. ಹೀಗಾಗಿ 19ನೆಯ ಶತಮಾನದ ಕೊನೆಯ ದಶಕಗಳಿಂದ ಹಿಡಿದು ಎರಡನೆಯ ಮಹಾಯುದ್ಧದ ನಂತರವೂ ಕೆಲವು ದಶಕಗಳ ಕಾಲ ಐರೋಪ್ಯ ಸಂಸ್ಥೆಗಳು ಬಹುಮಟ್ಟಿಗೆ ನಾಣ್ಯದ ಚಿತ್ರವನ್ನು ನೇರವಾಗಿ ತೆಗೆಯುತ್ತಿರಲಿಲ್ಲ. ನಾಣ್ಯದ ಎರಡೂ ಬದಿಗಳಿಂದ ಪ್ಲಾಸ್ಟರಿನ ಪಡಿಯಚ್ಚು ತೆಗೆದು, ಆ ಬಿಳಿಯ ಬಿಲ್ಲೆಗಳನ್ನು ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒಂದೇ ದಿಕ್ಕಿನ ಬೆಳಕಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅದನ್ನು ಕಾಗದಕ್ಕೆ ಇಳಿಸಲು ಕಾಲೊಟೈಪ್ ಎಂಬ ಮುದ್ರಣ ವಿಧಾನವನ್ನು ಬಳಸುತ್ತಿದ್ದರು. ಜೆಲಾಟಿನ್ ಪದರದಿಂದ ನೇರವಾಗಿ ಮುದ್ರಿಸುವ ಈ ವಿಧಾನದಲ್ಲಿ ವೃತ್ತಪತ್ರಿಕೆಯ ಚಿತ್ರಗಳಲ್ಲಿರುವಂಥ ಚುಕ್ಕೆಗಳು ಇರುವುದಿಲ್ಲ. ಭೂತಗನ್ನಡಿಯಿಟ್ಟು ನೋಡಿದರೆ ನೆರಳಿನ ಹದ ಎಲ್ಲಿಯೂ ಒಡೆಯದೆ, ನಾಣ್ಯದ ಅಂಚಿನ ಸಣ್ಣ ಸೀಳೂ ಅಕ್ಷರದ ಸವೆತವೂ ಸ್ಪಷ್ಟವಾಗಿ ಕಾಣುತ್ತವೆ. ಜೆಲಾಟಿನ್ ಪದರ ಬೇಗ ಸವೆಯುವುದರಿಂದ ಹೆಚ್ಚು ಪ್ರತಿಗಳನ್ನು ಮುದ್ರಿಸಲಾಗುತ್ತಿರಲಿಲ್ಲ. ಹಳೆಯ ಕ್ಯಾಟಲಾಗುಗಳು ಅಪರೂಪವಾಗಿರಲು ಅದೂ ಒಂದು ಕಾರಣ. ಇಂಥ ಪುಟವನ್ನು ಪಠ್ಯಕ್ಕೆ ಹೊಂದುವ ಕಪ್ಪುಬಿಳುಪು ಕ್ರಮದಲ್ಲಿ ಸ್ಕ್ಯಾನ್ ಮಾಡಿದಾಗ ನೆರಳುಗಳೆಲ್ಲ ಮಸಿಯ ಕಲೆಗಳಾಗಿಬಿಡುತ್ತವೆ. ಒಳ್ಳೆಯ ಸ್ಕ್ಯಾನುಗಳೂ ಇಲ್ಲದಿಲ್ಲ, ಆದರೆ ಒಂದು ನಾಣ್ಯವನ್ನು ಗುರುತಿಸುವ ನಿರ್ಣಾಯಕ ಕೆಲಸಕ್ಕೆ ಮೂಲ ಪುಟವನ್ನು ಎದುರಿಗಿಟ್ಟುಕೊಳ್ಳುವುದಕ್ಕೆ ಸಮನಾದದ್ದು ನನಗೆ ಇನ್ನೂ ಕಂಡಿಲ್ಲ.

ಗುರುತಿಸುವ ಕೆಲಸವೆಂದರೆ ಏನು? ನಿಮ್ಮ ಕೈಯಲ್ಲಿರುವ ನಾಣ್ಯವೇ ನೂರು ವರ್ಷಗಳ ಹಿಂದೆ ಇಂಥ ಹರಾಜಿನಲ್ಲಿ ಇಂಥ ಸಂಖ್ಯೆಯಡಿ ಮಾರಾಟವಾಗಿತ್ತು ಎಂದು ತೋರಿಸುವುದು. ಪ್ರಾಚೀನ ನಾಣ್ಯಗಳನ್ನು ಕೈಯಿಂದ ಟಂಕಿಸುತ್ತಿದ್ದುದರಿಂದ ಪ್ರತಿಯೊಂದಕ್ಕೂ ತನ್ನದೇ ಆಕಾರವಿದೆ: ಬಿಲ್ಲೆಯ ಹೊರ ಅಂಚು ಎಲ್ಲಿ ಉಬ್ಬಿದೆ, ಚಿತ್ರ ಎತ್ತ ಸರಿದಿದೆ, ಎಲ್ಲಿ ಸೀಳಿದೆ, ಎಲ್ಲಿ ಗೀರು ಬಿದ್ದಿದೆ ಎಂಬುದೆಲ್ಲ ಮನುಷ್ಯನ ಬೆರಳಚ್ಚಿನಷ್ಟು ವಿಶಿಷ್ಟ. ಹೊಸಬರು ಇಲ್ಲಿ ಎಡವುವುದು ಸಾಮಾನ್ಯ. ಎರಡು ನಾಣ್ಯಗಳ ಚಿತ್ರ ಒಂದೇ ಅಚ್ಚಿನದೆಂದು (ಟಂಕಿಸುವಾಗ ಚಿತ್ರ ಮೂಡಿಸುವ, ಕೆತ್ತಿದ ಲೋಹದ ಮುದ್ರೆಯದೆಂದು) ಗೊತ್ತಾದ ಕೂಡಲೇ ಅವೆರಡೂ ಒಂದೇ ನಾಣ್ಯವೆಂದು ತೀರ್ಮಾನಿಸಿಬಿಡುತ್ತಾರೆ. ಒಂದು ಅಚ್ಚಿನಿಂದ ಸಾವಿರಾರು ನಾಣ್ಯಗಳನ್ನು ಹೊಡೆಯುತ್ತಿದ್ದರು. ಅಚ್ಚಿನ ಸಾಮ್ಯವು ಹುಡುಕಾಟದ ಆರಂಭವಷ್ಟೇ. ತೀರ್ಮಾನ ನಿಲ್ಲಬೇಕಾದದ್ದು ಬಿಲ್ಲೆಯ ಆಕಾರ ಮತ್ತು ಆಕಸ್ಮಿಕ ಗುರುತುಗಳ ಮೇಲೆ. ಬಣ್ಣ ಮತ್ತು ಛಾಯೆಯನ್ನು ಹೋಲಿಸಲು ಹೋಗಬೇಡಿ: ಪಡಿಯಚ್ಚಿನಲ್ಲಿ ಅವು ಮೂಡುವುದೇ ಇಲ್ಲ, ನಾಣ್ಯವನ್ನೂ ನಡುವೆ ಯಾರಾದರೂ ತೊಳೆದಿರಬಹುದು. ತೂಕವನ್ನು ಹೋಲಿಸುವಾಗ ಹಳೆಯ ಬ್ರಿಟಿಷ್ ಕ್ಯಾಟಲಾಗುಗಳು ಗ್ರೇನ್ ಲೆಕ್ಕದಲ್ಲಿ ತೂಕ ಕೊಡುತ್ತಿದ್ದವೆಂಬುದನ್ನು ನೆನಪಿಡಿ. ಒಂದು ಗ್ರೇನ್ ಎಂದರೆ 0.0648 ಗ್ರಾಂ. 17.2 ಗ್ರಾಮಿನ ಅಥೆನ್ಸ್ ಟೆಟ್ರಾಡ್ರಾಕ್ಮ ಎಂಬ ಬೆಳ್ಳಿಯ ನಾಣ್ಯ ಅಲ್ಲಿ ಸುಮಾರು 265 ಗ್ರೇನ್ ಎಂದು ದಾಖಲಾಗಿರುತ್ತದೆ.

ಈ ಕೆಲಸಕ್ಕೆ ಇಂದು ಇರುವ ಮಹತ್ವ ಕೇವಲ ಕುತೂಹಲದ್ದಲ್ಲ. ಸಾಂಸ್ಕೃತಿಕ ಸೊತ್ತಿನ ಅಕ್ರಮ ಸಾಗಣೆಯ ವಿರುದ್ಧ ಯುನೆಸ್ಕೊ ಒಪ್ಪಂದ 1970ರಲ್ಲಿ ಆದ ಮೇಲೆ, ಪ್ರಾಚೀನ ವಸ್ತುವೊಂದು ಅದಕ್ಕೂ ಮುಂಚೆಯೇ ಸಂಗ್ರಹವೊಂದರಲ್ಲಿ ಇತ್ತು ಎಂದು ತೋರಿಸಬಲ್ಲ ಸಾಕ್ಷ್ಯಕ್ಕೆ ತೂಕ ಬರುತ್ತಾ ಹೋಗಿದೆ. ಸೀಸರನ ಹತ್ಯೆಯನ್ನು ಸಾರುವ ಬ್ರೂಟಸನ ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನಲ್ಲಿ ದಾಖಲೆಯ ಬೆಲೆಗೆ ಹರಾಜಾದದ್ದು ನಿಮಗೆ ನೆನಪಿರಬಹುದು. ಅದಕ್ಕೆ ಅಂಟಿಸಿದ್ದ ಹಿಂದಿನ ಒಡೆತನದ ವೃತ್ತಾಂತ ಸುಳ್ಳೆಂದು ತನಿಖೆಯಲ್ಲಿ ಹೊರಬಿದ್ದು, 2023ರಲ್ಲಿ ಆ ನಾಣ್ಯವನ್ನು ಗ್ರೀಸಿಗೆ ಹಿಂದಿರುಗಿಸಲಾಯಿತು. ಹಳೆಯ ಯುರೋಪಿನ ಒಂದು ಸಂಗ್ರಹದಿಂದ ಬಂದದ್ದು ಎಂಬಂಥ ಮಾತು ಎಷ್ಟು ಸುಲಭವಾಗಿ ಹುಟ್ಟುತ್ತದೆಯೋ, 1921ರ ಮುದ್ರಿತ ಚಿತ್ರಪುಟದಲ್ಲಿ ಆ ನಾಣ್ಯದ ಚಿತ್ರವೇ ಇರುವುದು ಅಷ್ಟೇ ಕಷ್ಟದಿಂದ ಅಲ್ಲಗಳೆಯಬಹುದಾದ ಸಾಕ್ಷ್ಯ. ಇಲ್ಲಿ ಚಿತ್ರವಿಲ್ಲದ ಲಾಟುಗಳ ಬಗ್ಗೆ ಎಚ್ಚರ ಹೇಳಲೇಬೇಕು. ‘ಅದೇ ಬಗೆಯ ಇನ್ನೊಂದು, ಉತ್ತಮ ಸ್ಥಿತಿ’ ಎಂಬಷ್ಟೇ ವಿವರಣೆಯಿರುವ ಲಾಟಿಗೆ ಯಾವ ನಾಣ್ಯವನ್ನು ಬೇಕಾದರೂ ಜೋಡಿಸಬಹುದು. ಅಂಥ ಜೋಡಣೆಯನ್ನು ನಾನು ಸಾಕ್ಷ್ಯವೆಂದು ಒಪ್ಪುವುದಿಲ್ಲ.

ಖೋಟಾ ನಾಣ್ಯಗಳನ್ನು ಹಿಡಿಯುವುದರಲ್ಲಿಯೂ ಈ ಪುಟಗಳು ನೆರವಾಗುತ್ತವೆ. ಅಸಲಿ ನಾಣ್ಯದಿಂದ ಎರಕ ತೆಗೆದ ನಕಲಿಯಲ್ಲಿ ಅಸಲಿಯ ಆಕಸ್ಮಿಕ ಸೀಳು, ಗೀರುಗಳೂ ಮೂಡಿರುತ್ತವೆ. ಹಳೆಯ ಚಿತ್ರದಲ್ಲಿರುವ ನಾಣ್ಯ ಇಂದು ವಸ್ತುಸಂಗ್ರಹಾಲಯದಲ್ಲಿದ್ದು, ಅದೇ ಗೀರುಗಳಿರುವ ಇನ್ನೊಂದು ಮಾರಾಟಕ್ಕೆ ಬಂದರೆ ಸಂಗತಿ ಅಲ್ಲಿಗೆ ಇತ್ಯರ್ಥವಾದಂತೆ. ಹಾಗೆಂದು ಹಳೆಯ ಕ್ಯಾಟಲಾಗಿನಲ್ಲಿ ಕಾಣಿಸಿಕೊಂಡದ್ದೆಲ್ಲ ಅಸಲಿಯಲ್ಲ. 1772ರಿಂದ 1830ರವರೆಗೆ ಬದುಕಿದ್ದ ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ ಕೆತ್ತಿದ ಅಚ್ಚುಗಳಿಂದ ಹೊಡೆದ ನಕಲಿಗಳು ಅವನ ಕಾಲದ ಪ್ರತಿಷ್ಠಿತ ಸಂಗ್ರಹಗಳಿಗೂ ನುಗ್ಗಿದ್ದವು.

ಯಾವುದನ್ನು ಆರಿಸಬೇಕು ಎಂಬುದಕ್ಕೆ ಸಂಗ್ರಾಹಕರಲ್ಲಿ ಮೂರು ಪದ್ಧತಿಗಳಿವೆ. ಒಂದು ಸಂಸ್ಥೆಯ ಎಲ್ಲ ಹರಾಜುಗಳನ್ನೂ ಕ್ರಮಸಂಖ್ಯೆಯಂತೆ ಪೂರ್ಣಗೊಳಿಸುವವರಿದ್ದಾರೆ, ಹೆಸರಾಂತ ಸಂಗ್ರಹಗಳನ್ನಷ್ಟೇ ಬೆನ್ನಟ್ಟುವವರಿದ್ದಾರೆ, ತಾವು ಸಂಗ್ರಹಿಸುವ ನಾಣ್ಯಗಳ ವರ್ಗಕ್ಕೆ ಸಂಬಂಧಿಸಿದ್ದನ್ನು ಮಾತ್ರ ಇಟ್ಟುಕೊಳ್ಳುವವರಿದ್ದಾರೆ. ಮೊದಲನೆಯದು ಕಪಾಟಿಗೆ ಶೋಭೆ, ಆದರೆ ಸಂಖ್ಯೆ ತುಂಬಿಸಲೆಂದೇ ನೀರಸವಾದ ಎಷ್ಟೋ ಸಂಪುಟಗಳಿಗೆ ಜಾಗ ಕೊಡಬೇಕಾಗುತ್ತದೆ. ನಾಣ್ಯಗಳನ್ನೂ ಸಂಗ್ರಹಿಸುವ ನಿಮ್ಮಂಥವರಿಗೆ ಮೂರನೆಯದೇ ಸರಿಯೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯದರಿಂದ ಕೆಲವನ್ನು ಅದಕ್ಕೆ ಸೇರಿಸಿಕೊಳ್ಳಿ.

ಹಾಗೆ ಸೇರಿಸಿಕೊಳ್ಳಬೇಕಾದವುಗಳಲ್ಲಿ ಕೆಲವು ಹರಾಜುಗಳು ತಾವೇ ಆಕರಗ್ರಂಥಗಳಾಗಿ ನಿಂತಿವೆ. ಪ್ಯಾರಿಸಿನಲ್ಲಿ 1887ರಲ್ಲಿ ನಡೆದ ಪಾಂತೊಂ ದಾಮೆಕೂರ್ ಸಂಗ್ರಹದ ಹರಾಜು ರೋಮನ್ ಮತ್ತು ಬೈಜಾಂಟೀನ್ (ಪೂರ್ವ ರೋಮನ್ ಸಾಮ್ರಾಜ್ಯದ) ಚಿನ್ನದ ನಾಣ್ಯಗಳಿಗೆ ಇಂದಿಗೂ ಉಲ್ಲೇಖವಾಗುತ್ತದೆ. ಮ್ಯೂನಿಕ್‌ನ ನಾಣ್ಯ ವ್ಯಾಪಾರಿ ಯಾಕೋಬ್ ಹಿರ್ಶ್ 1905ರಲ್ಲಿ ಅಥೆನ್ಸಿನ ರೂಸೊಪೌಲೋಸ್ ಸಂಗ್ರಹವನ್ನೂ 1908 ಮತ್ತು 1909ರಲ್ಲಿ ಹ್ಯಾಂಬರ್ಗಿನ ಕಾನ್ಸುಲ್ ವೆಬರ್ ಸಂಗ್ರಹವನ್ನೂ ಮಾರಿದ ಕ್ಯಾಟಲಾಗುಗಳು ಮುದ್ರಣದ ಗುಣಮಟ್ಟಕ್ಕೂ ಹೆಸರಾಗಿವೆ. ಸಾಮ್ಯುಯೆಲ್ ಪೊಜ್ಜಿ ಪ್ಯಾರಿಸಿನ ಪ್ರಸಿದ್ಧ ಶಸ್ತ್ರವೈದ್ಯ. 1918ರಲ್ಲಿ ತನ್ನ ರೋಗಿಯೊಬ್ಬನ ಗುಂಡಿಗೆ ಬಲಿಯಾದವನು. ಅವನ ಗ್ರೀಕ್ ನಾಣ್ಯಗಳನ್ನು ಜಿನೀವಾದ ನಾವಿಲ್ ಸಂಸ್ಥೆ 1921ರಲ್ಲಿ ತನ್ನ ಮೊದಲ ಹರಾಜಾಗಿ ಮಾರಿತು. ಗ್ರೀಕ್ ನಾಣ್ಯಗಳ ಒಡೆತನದ ಸರಪಳಿಯನ್ನು ಹಿಂಬಾಲಿಸುವವರು ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲಿಯೇ, ಏಕೆಂದರೆ ಪೊಜ್ಜಿಯ ನಾಣ್ಯಗಳು ಬ್ರಿಟಿಷ್ ಸಂಗ್ರಾಹಕ ಲಾಕೆಟ್ ಅವರಂಥ ಮುಂದಿನ ತಲೆಮಾರಿನ ಸಂಗ್ರಹಗಳನ್ನು ಸೇರಿ, ಲಂಡನ್ನಿನ ಗ್ಲೆಂಡೈನಿಂಗ್ ಸಂಸ್ಥೆ 1955ರಿಂದ 1961ರವರೆಗೆ ನಡೆಸಿದ ಹರಾಜುಗಳಲ್ಲಿ ಮತ್ತೆ ಹೊರಬಂದವು. ಬೈಜಾಂಟೀನ್ ನಾಣ್ಯಗಳಿಗೆ ರೊಡೊಲ್ಫೊ ರಾತ್ತೊ 1930ರಲ್ಲಿ ಲುಗಾನೊದಲ್ಲಿ ನಡೆಸಿದ ಹರಾಜಿನ ಕ್ಯಾಟಲಾಗ್ ಎಷ್ಟು ಉಪಯುಕ್ತವಾಗಿತ್ತೆಂದರೆ ಅದನ್ನು ಆಮೇಲೆ ಮರುಮುದ್ರಿಸಬೇಕಾಯಿತು. ತೀರ ಈಚಿನದೆಂದು ಕಡೆಗಣಿಸಬಾರದ ಉದಾಹರಣೆಯೂ ಒಂದಿದೆ: ಬಿಸಿಡಿ ಎಂಬ ಅಕ್ಷರಗಳಿಂದ ಗುರುತಿಸಲಾಗುವ ಸಂಗ್ರಾಹಕರೊಬ್ಬರ, ದಕ್ಷಿಣ ಗ್ರೀಸಿನ ಪೆಲೊಪೊನೀಸಸ್ ಪ್ರದೇಶದ ನಾಣ್ಯಗಳ 2006ರ ಹರಾಜು. ಆ ಪ್ರದೇಶದ ಸಣ್ಣಪುಟ್ಟ ತಾಮ್ರದ ನಾಣ್ಯಗಳನ್ನು ವಿವರಿಸುವವರು ಈಗ ಅದರ ಸಂಖ್ಯೆಗಳನ್ನೇ ಉಲ್ಲೇಖಿಸುತ್ತಾರೆ.

ಮರುಮುದ್ರಣವನ್ನು ಮೂಲವೆಂದು ಕೊಳ್ಳದಿರಲು ಮತ್ತೆ ಭೂತಗನ್ನಡಿಯೇ ಸಾಧನ. ಚಿತ್ರದಲ್ಲಿ ಚುಕ್ಕೆಗಳ ಜಾಲ ಕಂಡರೆ ಅದು ಕಾಲೊಟೈಪ್ ಅಲ್ಲ.

ಹೆಸರುಗಳ ಗೊಂದಲದ ಬಗ್ಗೆಯೂ ಎಚ್ಚರವಿರಲಿ. ನಾವಿಲ್ ಹೆಸರಿನಲ್ಲಿ ಆರಂಭವಾದ ಹರಾಜುಗಳ ಸರಣಿ ಆರ್ಸ್ ಕ್ಲಾಸಿಕಾ ಎಂಬ ಹೆಸರಿನಲ್ಲಿ 1930ರ ದಶಕದವರೆಗೂ ಮುಂದುವರಿಯಿತು. 1980ರ ದಶಕದ ಕೊನೆಯಲ್ಲಿ ಹುಟ್ಟಿದ ನ್ಯೂಮಿಸ್ಮಾಟಿಕಾ ಆರ್ಸ್ ಕ್ಲಾಸಿಕಾ ಬೇರೆಯೇ ಸಂಸ್ಥೆ. ಮ್ಯೂನಿಕ್‌ನಲ್ಲಿ ಯುದ್ಧಾನಂತರ ಕೆಲಸ ಮಾಡಿದ ಗೆರ್ಹಾರ್ಡ್ ಹಿರ್ಶ್ ಸಂಸ್ಥೆಯೂ ಯಾಕೋಬ್ ಹಿರ್ಶ್‌ನದೂ ಒಂದಲ್ಲ. ಬರಿಯ ‘ಹಿರ್ಶ್ 21’ (ಅಂದರೆ ಹಿರ್ಶ್ ಸಂಸ್ಥೆಯ 21ನೆಯ ಹರಾಜು) ಎಂಬ ಉಲ್ಲೇಖ ಕಂಡಾಗ ವರ್ಷವನ್ನೂ ನೋಡದೆ ಹಣ ಕಳುಹಿಸಬೇಡಿ. 1880ರಿಂದ 1980ರವರೆಗಿನ ಪ್ರಾಚೀನ ನಾಣ್ಯಗಳ ಹರಾಜುಗಳನ್ನು ಸಂಸ್ಥೆವಾರು ಪರಿಶೀಲಿಸಿರುವ ಜಾನ್ ಸ್ಪ್ರಿಂಗ್ ಅವರ 2009ರ ಗ್ರಂಥಸೂಚಿ ಇಂಥ ಸಂದೇಹಗಳನ್ನು ಬಗೆಹರಿಸುತ್ತದೆ. ಬ್ರಿಟನ್ನಿನ 1710ರಿಂದ 1984ರವರೆಗಿನ ಹರಾಜುಗಳಿಗೆ ಮ್ಯಾನ್‌ವಿಲ್ ಮತ್ತು ರಾಬರ್ಟ್‌ಸನ್ ಅವರ ಸೂಚಿ ಇದೆ. ಕ್ಯಾಟಲಾಗ್ ಕೊಳ್ಳಲು ಮೀಸಲಿಟ್ಟ ಮೊದಲ ಹಣವನ್ನು ಇವುಗಳಲ್ಲೊಂದಕ್ಕೆ ವಿನಿಯೋಗಿಸಿದರೆ ಅದು ಬೇಗನೆ ಮರಳಿ ಬರುತ್ತದೆ.

ನಿಮ್ಮ ಪೆಟ್ಟಿಗೆಯಲ್ಲಿರುವ ಚಿತ್ರಪುಟಗಳಿಲ್ಲದ ಪ್ರತಿಗಳ ವಿಷಯ. ಅವನ್ನೆಲ್ಲ ಹರಿದು ಹಾಳಾದವೆಂದು ತಿಳಿಯಬೇಕಾಗಿಲ್ಲ. ಚಿತ್ರಪುಟಗಳ ಮುದ್ರಣ ದುಬಾರಿಯಾಗಿದ್ದುದರಿಂದ ಅನೇಕ ಸಂಸ್ಥೆಗಳು ಚಿತ್ರಸಹಿತ ಮತ್ತು ಚಿತ್ರರಹಿತ ಎಂಬ ಎರಡು ಬಗೆಯ ಪ್ರತಿಗಳನ್ನು ಹೊರಡಿಸಿ, ಮೊದಲನೆಯದನ್ನು ಹೆಚ್ಚಿನ ಬೆಲೆಗೆ ಮಾರುತ್ತಿದ್ದವು. ಅಮೆರಿಕದಲ್ಲಿ ಛಾಯಾಚಿತ್ರ ಪುಟಗಳಿರುವ ಮೊದಲ ನಾಣ್ಯ ಹರಾಜು ಕ್ಯಾಟಲಾಗೆಂದು ಸಾಮಾನ್ಯವಾಗಿ ಹೆಸರಿಸುವುದು ಎಡ್ವರ್ಡ್ ಕೋಗನ್ 1869ರಲ್ಲಿ ನಡೆಸಿದ ಮೆಕೆಂಜಿ ಸಂಗ್ರಹದ ಹರಾಜಿನದನ್ನು. ಅಲ್ಲಿಯೂ ಆಮೇಲೆ ಪುಟಗಳನ್ನು ಪ್ರತ್ಯೇಕ ಬೆಲೆಗೆ ಕೊಡುವ ಕ್ರಮ ರೂಢಿಯಾಯಿತು. ಹೀಗಾಗಿ ಪ್ರತಿಯನ್ನು ಪರೀಕ್ಷಿಸುವಾಗ ಮುಖಪುಟದಲ್ಲಿ ಘೋಷಿಸಿದ ಚಿತ್ರಪುಟಗಳ ಸಂಖ್ಯೆಯನ್ನು ಕೊನೆಯ ಚಿತ್ರಪುಟದ ರೋಮನ್ ಅಂಕಿಯೊಂದಿಗೆ ತಾಳೆ ನೋಡಿ, ನಡುವೆ ಯಾವುದೂ ಬಿಟ್ಟುಹೋಗಿಲ್ಲವೆಂದು ಒಂದೊಂದನ್ನೇ ಎಣಿಸಿರಿ. ಚಿತ್ರರಹಿತ ಪ್ರತಿಯಲ್ಲಿ ಪೂರ್ಣವಾದ ಬೆಲೆ ಮತ್ತು ಹೆಸರುಗಳ ಬರಹವಿದ್ದರೆ ಅದನ್ನು ಖಂಡಿತ ಇಟ್ಟುಕೊಳ್ಳಿ. ಚಿತ್ರಗಳನ್ನು ಬೇರೆ ಪ್ರತಿಯಿಂದಲೋ ಸ್ಕ್ಯಾನಿನಿಂದಲೋ ಪಡೆಯಬಹುದು.

ರಟ್ಟು ಕಟ್ಟಿಸುವುದು ಬೇಡವೆಂದೆ. ಹಿಂದಿನ ಗ್ರಂಥಾಲಯಗಳು ಅನೇಕ ಕ್ಯಾಟಲಾಗುಗಳನ್ನು ಒಂದೇ ಸಂಪುಟವಾಗಿ ಕಟ್ಟಿಸುವಾಗ ತೆಳುವಾದ ಮೂಲ ಹೊದಿಕೆಗಳನ್ನು ಕಿತ್ತೆಸೆದು, ಅಂಚುಗಳನ್ನು ಸಮನಾಗಿ ಕತ್ತರಿಸಿಬಿಡುತ್ತಿದ್ದವು. ಹರಾಜಿನ ದಿನಾಂಕ, ಸ್ಥಳ, ಕೆಲವೊಮ್ಮೆ ಸಂಗ್ರಾಹಕನ ಹೆಸರು ಕೂಡ ಇರುತ್ತಿದ್ದದ್ದು ಹೊದಿಕೆಯ ಮೇಲೆಯೇ, ಬರಹವಿರುತ್ತಿದ್ದದ್ದು ಅಂಚಿನಲ್ಲಿ. ಪ್ರತಿಗಳನ್ನು ಬಿಡಿಯಾಗಿಯೇ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಆಮ್ಲರಹಿತ ಪೆಟ್ಟಿಗೆಗಳಲ್ಲಿ ಇಡುವುದು ಉತ್ತಮ. 19ನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂದದ್ದರಿಂದ ಪಠ್ಯದ ಹಾಳೆಗಳು ಕಂದಾಗಿ ಪುಡಿಯಾಗುತ್ತವೆ. ಅದನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸಲಾಗುವುದಿಲ್ಲ. ಬಿಸಿಲು ಮತ್ತು ತೇವ ಎರಡರಿಂದಲೂ ದೂರವಿಡಿ. ನುಣುಪಾದ ಲೇಪನವಿರುವ ಕಾಗದದ ಹೊಸ ಕ್ಯಾಟಲಾಗುಗಳು ಒಮ್ಮೆ ನೆನೆದರೆ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ಬಿಚ್ಚಿ ತೆಗೆಯಬಹುದು. ಅಂಟುಪಟ್ಟಿಯನ್ನು ಮಾತ್ರ ಎಂದಿಗೂ ಬಳಸಬೇಡಿ. ಒಳಗೆ ಸಡಿಲವಾಗಿ ಸಿಗುವ ಬೆಲೆಪಟ್ಟಿ, ತಿದ್ದುಪಡಿ ಹಾಳೆ, ಕೂಗಿನ ಚೀಟಿ, ಹಳೆಯ ಪತ್ರ ಯಾವುದನ್ನೂ ಬೇರ್ಪಡಿಸಿ ಇಡಬೇಡಿ. ಯಾವ ಪುಟದಲ್ಲಿತ್ತೋ ಅಲ್ಲಿಯೇ ಲಕೋಟೆಯೊಂದರಲ್ಲಿ ಇರಿಸಿ.

ಗ್ರಂಥಾಲಯದ ಮುದ್ರೆಯಿರುವ ಪ್ರತಿ ಸಿಕ್ಕಿದರೆ, ಅದನ್ನು ಗ್ರಂಥಾಲಯವೇ ವಿಲೇವಾರಿ ಮಾಡಿದ ಗುರುತೂ ಇದೆಯೇ ನೋಡಿ. ಇಲ್ಲದಿದ್ದರೆ ಆ ಗ್ರಂಥಾಲಯಕ್ಕೆ ಒಂದು ಪತ್ರ ಬರೆದು ವಿಚಾರಿಸುವುದು ಸರಿಯಾದ ಕ್ರಮ.

ಸದ್ಯಕ್ಕೆ ನೀವು ಮಾಡಬೇಕಾದ ಕೆಲಸ ಕೊಳ್ಳುವುದಲ್ಲ, ಪಟ್ಟಿ ಮಾಡುವುದು. ಪ್ರತಿಯೊಂದಕ್ಕೂ ಸಂಸ್ಥೆ, ಊರು, ಹರಾಜಿನ ಕ್ರಮಸಂಖ್ಯೆ, ದಿನಾಂಕ, ಯಾರ ಸಂಗ್ರಹ, ಎಷ್ಟು ಲಾಟುಗಳು, ಎಷ್ಟು ಚಿತ್ರಪುಟಗಳು, ಬೆಲೆಪಟ್ಟಿ ಇದೆಯೇ, ಬರಹ ಯಾವ ಬಗೆಯದು ಎಂಬುದನ್ನು ದಾಖಲಿಸಿಕೊಳ್ಳಿ. ಬರಹವಿರುವ ಪುಟಗಳ ಸ್ಪಷ್ಟವಾದ ಚಿತ್ರ ತೆಗೆದಿಡಿ, ಪೆನ್ಸಿಲ್ ಬರಹ ಉಜ್ಜಿದಂತೆಲ್ಲ ಮಸುಕಾಗುತ್ತದೆ. ಪಟ್ಟಿ ಮುಗಿದ ಮೇಲೆ ನಿಮ್ಮ ನಾಣ್ಯಗಳ ವರ್ಗಕ್ಕೆ ಸೇರದ, ಬರಹವೂ ಇಲ್ಲದ, ಒಳ್ಳೆಯ ಸ್ಕ್ಯಾನ್ ಈಗಾಗಲೇ ಲಭ್ಯವಿರುವ ಪ್ರತಿಗಳನ್ನು ಬೇರೆ ಸಂಗ್ರಾಹಕರೊಡನೆ ವಿನಿಮಯ ಮಾಡಿಕೊಳ್ಳಲು ಅಡ್ಡಿಯಿಲ್ಲ. ಈಚಿನ ಕೆಲವು ದಶಕಗಳ ದಪ್ಪನೆಯ ಬಣ್ಣದ ಕ್ಯಾಟಲಾಗುಗಳಲ್ಲಿ ಬಹುಪಾಲು ಈ ಗುಂಪಿಗೇ ಬೀಳುತ್ತವೆ, ಮತ್ತು ಕಪಾಟಿನಲ್ಲಿ ಅತಿ ಹೆಚ್ಚು ಜಾಗ ತಿನ್ನುವುದೂ ಅವೇ.